ಕೊಟ್ಟಿಗೆಯ ಸೊಳ್ಳೆಗಳು

ಮುಕ್ಕುಂದದ ನಮ್ಮ ಕೊಟ್ಟಿಗೆಯಲ್ಲಿ ಸೊಳ್ಳೆಗಳಿಗೆ ಸಿಕ್ಕ ಮರ್ಯಾದೆ ಅದೇ ಮನೆಯ ಬಸುರಿ ಸೊಸೆಗೆ ಸಿಗಲಿಲ್ಲ. ಆ ಸೊಸೆ ನಾನು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಲುವೆ ನೀರು ಬಂದ ಮೇಲೆ ಭತ್ತದ ಗದ್ದೆ ಹಿತ್ತಲವರೆಗೂ ಬಂದಿತ್ತು, ಅದರ ಹಿಂದೆಯೇ ಚಳಿಜ್ವರವೂ ಬಂದಿತ್ತು.

ನನ್ನ ಮೈದುನ ದೂರದ ಊರಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ. ಆ ಮಳೆಗಾಲ ತನ್ನ ಪ್ರೊಫೆಸರರನ್ನು ಜೀಪಿನಲ್ಲಿ ಕರೆತಂದ. ಬೆಳಗಾದರೆ ಇಬ್ಬರೂ ಕೊಟ್ಟಿಗೆಗೆ ನುಗ್ಗಿ, ಗೋಡೆಗೆ ಕೂತ ಸೊಳ್ಳೆಗಳನ್ನು ಗಾಜಿನ ಕೊಳವೆಯೊಳಗೆ ಬಾಯಿಂದ ಎಳೆದು ಹಿಡಿಯುತ್ತಿದ್ದರು. ಸೊಳ್ಳೆಯ ವಂಶವಾಹಿಗಳ ನಡುವೆ ಜಾಗ ಬದಲಿಸುವ ತುಣುಕುಗಳಿವೆಯಂತೆ. ತಮ್ಮ ನಕಲು ತಾವೇ ಮಾಡಿಕೊಂಡು ಇನ್ನೊಂದು ಕಡೆ ಹೋಗಿ ಕೂರುತ್ತವಂತೆ. ಮುಂದೊಂದು ದಿನ ಜ್ವರ ತಡೆಯುವ ಗುಣವನ್ನು ಆ ತುಣುಕುಗಳ ಬೆನ್ನಿಗೆ ಕಟ್ಟಿ ಬಿಟ್ಟರೆ, ಸೊಳ್ಳೆ ಇದ್ದರೂ ಮಲೇರಿಯಾ ಇರುವುದಿಲ್ಲವಂತೆ. ಮಂಡಾಳ ಒಗ್ಗರಣೆ ತಿನ್ನುತ್ತ ಪ್ರೊಫೆಸರರು ಇದನ್ನು ಹೇಳಿದಾಗ ನನ್ನ ಅತ್ತೆ ಕೈ ಮುಗಿದರು.

ಅದೇ ವಾರ ಗೋಡೆಗೆ ಡಿಡಿಟಿ ಹೊಡೆಯುವವರು ಬಂದರು. ಪ್ರೊಫೆಸರರಿಗೆ ಜೀವಂತ ಸೊಳ್ಳೆ ಬೇಕಿತ್ತು, ಈ ಸಲ ಬೇಡವೆಂದರು. ಒಳಕೋಣೆಗಾದರೂ ಹೊಡೆಸಿ ಎಂದು ಗಂಡನನ್ನು ಬೇಡಿಕೊಂಡೆ. ಉತ್ತರ ಕೊಟ್ಟದ್ದು ಅತ್ತೆ.

"ಅಷ್ಟು ದೊಡ್ಡ ಸಾಹೇಬ್ರು ಹೇಳ್ಯಾರ. ನಿಂದೊಬ್ಬಾಕಿದು ಏನಬೇ ಗದ್ಲ?"

ಹೊಡೆಸಿದ್ದರೂ ಅತ್ತೆ ವಾಸನೆಗೆ ಹೇಸಿ ಅದರ ಮೇಲೆ ಸಗಣಿ ಸಾರಿಸಿಬಿಡುತ್ತಿದ್ದರೇನೋ. ಆದರೂ ಹೊಡೆಸಬೇಕಿತ್ತು. ಪಂಪಿನವರು ಪಕ್ಕದ ಮನೆಗೆ ಹೋದರು.

ಬಸುರಿನ ಏಳನೇ ತಿಂಗಳಲ್ಲಿ ನನಗೆ ಜ್ವರ ಬಂತು. ಮನೆಯ ಕಂಬಳಿಯನ್ನೆಲ್ಲ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಸಿಂಧನೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊಟ್ಟೆಯೊಳಗಿನ ಅಲುಗಾಟ ನಿಂತಿತ್ತು. ಹೆಣ್ಣು ಕೂಸು. ಎಲ್ಲರೂ ನನ್ನ ಹಣೆಬರಹವೆಂದರು. ಅಂದಿನಿಂದ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ.

ಕೆಲವು ವರ್ಷಗಳ ನಂತರ ಮೈದುನ ಡಾಕ್ಟರೇಟ್ ಪಡೆದು ಪೇಡೆ ಡಬ್ಬಿ ಹಿಡಿದು ಬಂದ. ನಮ್ಮ ಕೊಟ್ಟಿಗೆಯ ಸೊಳ್ಳೆಗಳಲ್ಲಿ ಅಂಥ ತುಣುಕುಗಳು ಬೇಕಾದಷ್ಟು ಸಿಕ್ಕಿದ್ದವಂತೆ. ಎಂದೋ ಬೇರೆ ಜೀವಿಯಿಂದ ಬಂದು ಸೇರಿದವು, ಕೆಟ್ಟು ಸುಮ್ಮನೆ ಬಿದ್ದವು, ಹೀಗೆ ಹೇಳುತ್ತಲೇ ಹೋದ. ಜ್ವರ ತಡೆಯುವ ಮಾತನ್ನು ಮಾತ್ರ ಎತ್ತಲಿಲ್ಲ.

"ಅವುಗಳಿಂದ ಸೊಳ್ಳಿಗೇನು ಉಪಯೋಗ?" ಎಂದು ಕೇಳಿದೆ.

"ಹೆಚ್ಚಿನವು ಏನೂ ಮಾಡಂಗಿಲ್ರಿ ವೈನಿ. ಬಂದು ಸೇರ್ಕೊಂಡು ತಮ್ಮ ಸಂತಾನ ಬೆಳಸ್ಕೋತಾವ. ಒಮ್ಮೊಮ್ಮೆ ಕುಂತ ಜಾಗಾನ ಕೆಡಸ್ತಾವ."

"ಹಂಗಾರ ನೀವೂ ನಿಮ್ಮ ಸಾಹೇಬ್ರೂ ನಮ್ಮ ಮನಿಗೆ ಬಂದಂಗ," ಎಂದೆ.

ಅವನು ತಲೆ ತಗ್ಗಿಸಿದ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.