ಮೂರು ತಿಂಗಳು ಕಾಯಬಹುದೇ

ಆಗ ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ವಯಸ್ಸು ಮೂವತ್ತೆಂಟು, ಮದುವೆಯ ಗೊಡವೆಗೆ ಹೋಗಿರಲಿಲ್ಲ. ಸಪ್ತಾಪುರದ ಬಾಡಿಗೆ ಮನೆಯಲ್ಲಿ ಅವ್ವ, ತಂಗಿ, ನಾನು. ಆ ಮಳೆಗಾಲದ ಕೊನೆಗೆ ತಂಗಿಗೆ ಹುಬ್ಬಳ್ಳಿ ದುರ್ಗದಬೈಲಿನ ಬಟ್ಟೆ ವ್ಯಾಪಾರಿಗಳ ಮನೆಯ ಸಂಬಂಧ ಗಟ್ಟಿಯಾಗಿತ್ತು. ಲಗ್ನಕ್ಕೆ ಮೂರು ತಿಂಗಳಿರುವಾಗ, ಒಂದು ಬೆಳಿಗ್ಗೆ ಸ್ನಾನ ಮಾಡುವಾಗ, ನನ್ನ ಬಲ ಎದೆಯಲ್ಲಿ ಗಂಟೊಂದು ಕೈಗೆ ಹತ್ತಿತು. ಹುಣಸೆ ಬೀಜದಷ್ಟಿತ್ತು.

ಡಾಕ್ಟರ ಹತ್ತಿರ ಹೋಗಬೇಕಿತ್ತು, ಖರೆ. ಆದರೆ ಸತ್ತೂರಿನ ಆಸ್ಪತ್ರೆಯಲ್ಲಿ ವರನ ಸೋದರತ್ತೆ ನರ್ಸ್. ನಮ್ಮ ಓಣಿಯ ದವಾಖಾನೆಯ ಬೆಂಚಿನ ಮೇಲೆ ಕೂತರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಈ ಮನೆತನದಲ್ಲಿ ಕ್ಯಾನ್ಸರಿನಂಥ ರೋಗವಿದೆ ಎಂದು ತಿಳಿದರೆ ಬೀಗರು ಹಿಂದೆ ಸರಿಯುತ್ತಾರೆಂಬ ಭಯ ನನ್ನನ್ನು ತಿನ್ನುತ್ತಿತ್ತು. ನನಗೆ ಗೊತ್ತಾಗಬೇಕಿದ್ದದ್ದು ಒಂದೇ: ಈ ಗಂಟು ಲಗ್ನ ಮುಗಿಯುವತನಕ ಕಾಯುತ್ತದೆಯೇ?

ಸೈಬರ್ ಕೆಫೆಗೆ ಹೋದೆ. ಅದನ್ನು ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಪ್ರತಿ ದಸರೆಗೆ ತಪ್ಪದೆ ಮನೆಗೆ ಬಂದು ಬನ್ನಿ ಎಲೆ ಕೊಟ್ಟು, ಕಾಲು ಮುಟ್ಟಿ ಹೋಗುವವನು. ಮೊದಲೆಲ್ಲ ಏನೂ ಕೇಳದೆ ಕೂಡಿಸುತ್ತಿದ್ದ. ಈಗ ಗೋಡೆಗೆ ಹೊಸ ಬೋರ್ಡು ಬಂದಿತ್ತು: ಹದಿನೆಂಟರೊಳಗಿನವರಿಗೆ ಪ್ರವೇಶವಿಲ್ಲ, ಗುರುತಿನ ಚೀಟಿಯ ಝೆರಾಕ್ಸ್ ಕಡ್ಡಾಯ.

"ನಿಮ್ಮನ್ನ ಕೇಳಬಾರದ್ರಿ ಅಕ್ಕೋರ, ಆದರ ಪೊಲೀಸರು ಬಂದು ರಜಿಸ್ಟರ್ ನೋಡ್ತಾರ್ರಿ," ಎಂದ.

ಅವನಿಗೆ ಬೀಜಗಣಿತ ಕಲಿಸಿದವಳು ಹದಿನೆಂಟು ದಾಟಿದ್ದಾಳೆ ಎನ್ನಲು ನನ್ನ ನರೆಗೂದಲು ಸಾಲದಾಯಿತು. ಮನೆಗೆ ಹೋಗಿ ಮತದಾರರ ಚೀಟಿ ತಂದು, ಝೆರಾಕ್ಸ್ ಕೊಟ್ಟು, ರಜಿಸ್ಟರಿನಲ್ಲಿ ಹೆಸರು, ವಿಳಾಸ, ಕಂಪ್ಯೂಟರ್ ನಂಬರು ಬರೆದು ಸಹಿ ಹಾಕಿದೆ. ಮೇಲಿನ ಸಾಲಿನಲ್ಲಿ ನಮ್ಮ ಓಣಿಯವರೊಬ್ಬರ ಹೆಸರಿತ್ತು. ನನ್ನದನ್ನೂ ಇನ್ನೊಬ್ಬರು ಹೀಗೆಯೇ ಓದುತ್ತಾರೆ ಅನ್ನಿಸಿತು. ಕ್ಯಾಬಿನ್ನುಗಳ ಬಾಗಿಲನ್ನೂ ಕಿತ್ತುಹಾಕಿದ್ದರು. ಪರದೆಗೆ ಅಡ್ಡಲಾಗಿ ಕೂತು, ಇಂಗ್ಲಿಷಿನಲ್ಲಿ ಸ್ತನ, ಗಂಟು ಎಂದು ಎರಡೇ ಪದ ಹೊಡೆದೆ.

ಪುಟ ತೆರೆಯಲಿಲ್ಲ. ವಯಸ್ಕರ ವಿಷಯ, ತಡೆಹಿಡಿಯಲಾಗಿದೆ ಎಂದು ಕೆಂಪು ಅಕ್ಷರ ಬಂತು. ವಯಸ್ಕಳೆಂದು ಈಗಷ್ಟೇ ಪುರಾವೆ ಕೊಟ್ಟು ಬಂದಿದ್ದೆ. ಮೂರು ಸಲ ಹೊಡೆದೆ, ಮೂರು ಸಲವೂ ಅದೇ. ಪೊಲೀಸರಿಗೆ ಹೆದರಿ ಅವನು ಹಾಕಿಸಿದ್ದ ಸಾಫ್ಟ್‌ವೇರಿಗೆ ಹೆಂಗಸಿನ ಎದೆಯೆಂದರೆ ಹೊಲಸು ಅಂತಲೇ ಲೆಕ್ಕ. ಯಾರ ಕಂಪ್ಯೂಟರಿನಲ್ಲಿ ತಡೆ ಬಿತ್ತೆಂಬುದು ಅವನ ಪರದೆಯ ಮೇಲೂ ಕಾಣುತ್ತಿತ್ತು.

ಅವನು ಬಂದು ನನ್ನ ಬೆನ್ನ ಹಿಂದೆ ನಿಂತ. "ಅಂಥವು ಇಲ್ಲಿ ತೆರಿಯಂಗಿಲ್ರಿ ಅಕ್ಕೋರ," ಎಂದು ಸಣ್ಣ ದನಿಯಲ್ಲಿ ಹೇಳಿದ. ಮುಖ ನೋಡಲಿಲ್ಲ.

ಏನು ತಿಳಿದುಕೊಂಡನೆಂದು ನನಗೆ ಗೊತ್ತಾಯಿತು. ನಿಜ ಹೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಅಂಗಡಿಯಲ್ಲಿ ಆಡಿದ ಮಾತು ದುರ್ಗದಬೈಲಿಗೆ ಮುಟ್ಟಲು ಎಷ್ಟು ಹೊತ್ತು? ಎದ್ದು, ಕೂತಷ್ಟು ಹೊತ್ತಿನ ದುಡ್ಡು ಎಣಿಸಿ ಕೊಟ್ಟು ಬಂದೆ.

ಆ ದಸರೆಗೆ ಅವನು ಬನ್ನಿ ಕೊಡಲು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವ್ವ ಎರಡು ಸಲ ಕೇಳಿದಳು. ಊರಿಗೆ ಹೋಗಿರಬೇಕು ಎಂದು ಹೇಳಿ, ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಗಂಟು ಕಾಯುತ್ತದೆಂದು ನಾನೇ ತೀರ್ಮಾನಿಸಿಕೊಂಡೆ. ತಂಗಿಯ ಲಗ್ನ ಸಾಂಗವಾಗಿ ನಡೆಯಿತು. ಅಕ್ಕಿಕಾಳು ಹಾಕಲು ಕೈಯೆತ್ತಿದಾಗ ಕಂಕುಳಲ್ಲಿ ಇನ್ನೊಂದು ಗಂಟು ಒತ್ತಿತು. ಮರುವಾರವೇ ಆಸ್ಪತ್ರೆಗೆ ಹೋದೆ. ಮೊದಲು ಯಾವಾಗ ಕಂಡಿತೆಂದು ಡಾಕ್ಟರಮ್ಮ ಕೇಳಿದರು, ಹೇಳಿದೆ.

"ಆವಾಗನ ಬಂದಿದ್ರ ಇಷ್ಟು ತೆಗೀಬೇಕಾಗ್ತಿರಲಿಲ್ರಿ," ಎಂದರು.

ಎದೆಯನ್ನೂ ಕಂಕುಳ ಗಂಟುಗಳನ್ನೂ ತೆಗೆದರು. ಆಮೇಲೆ ಬಲಗೈ ಬಾತುಕೊಂಡು, ಎತ್ತಲಾಗದಂತಾಯಿತು. ಬೋರ್ಡಿನ ಮೇಲೆ ಬರೆಯುವ ಕೈ ಅದು.

ಮುಂದಿನ ದಸರೆಗೆ ಅವನು ಬಂದ. ನನ್ನ ಆಪರೇಷನ್ ಸುದ್ದಿ ಓಣಿಯಲ್ಲಿ ಯಾರಿಂದಲೋ ಕೇಳಿದ್ದನಂತೆ. ಬಾಗಿಲಲ್ಲೇ ನಿಂತು ತಡವರಿಸಿದ. "ಏನ್ ಹುಡುಕಾಕತ್ತೀರಿ ಅಂತ ಅವತ್ತ ಒಂದ್ ಮಾತು ಕೇಳಬೇಕಿತ್ರಿ ಅಕ್ಕೋರ."

"ಕೇಳಿದ್ರೂ ಹೇಳ್ತಿರಲಿಲ್ಲಪಾ," ಎಂದೆ. "ಸುಮ್ನ ನೋಡಾಕ ಬಿಟ್ಟಿದ್ರ ಸಾಕಾಗಿತ್ತು."

ಅವನು ಬನ್ನಿ ಕೊಟ್ಟು ಕಾಲು ಮುಟ್ಟಿದ. ತಿರುಗಿ ಕೊಡಲು ನನ್ನ ಬಲಗೈ ಏಳಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಎಡಗೈಯಿಂದ ಬನ್ನಿ ಕೊಟ್ಟೆ. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ.