ಕಪ್ಪು ಕೆಸರು

ನದಿದಡದ ಬಾವಿಯಿಂದ ಊರಿಗೆ ನೀರು ಬಿಡುವ ಪಂಪಿನವನಿಗೆ ಕೊಳೆ ಕಂಡರಾಗದು. ಊರೇ ಅವನನ್ನು ಫಿನಾಯಿಲ್ ಮಾವ ಎನ್ನುತ್ತಿತ್ತು. ಮೊಮ್ಮಗಳು ಹುಟ್ಟಿದ್ದೇ ತಡ, ಬಾವಿಯ ಸುತ್ತ ನಾರುತ್ತಿದ್ದ ಕಪ್ಪು ಕೆಸರನ್ನೆಲ್ಲ ಎತ್ತಿಸಿ, ತೊಳೆದ ಮರಳು ತುಂಬಿಸಿದ್ದ.

ತಿಂಗಳಾದ ಮೇಲೆ ನೀರು ಪರೀಕ್ಷಿಸುವಾಕೆ ಓಡಿಬಂದಳು. "ನೈಟ್ರೇಟ್ ಮೂರು ಪಟ್ಟಾಗಿದೆ! ಹೊಲದ ಗೊಬ್ಬರದಿಂದ ಇಳಿದು ಬರೋ ವಿಷ ಅದು. ಆ ಕೆಸರಿನ ಕಬ್ಬಿಣ, ಸೂಕ್ಷ್ಮಜೀವಿಗಳು ಸೇರಿ ಅದನ್ನ ಮುಗಿಸ್ತಿದ್ವು. ಯಾಕೆ ತೆಗೆಸಿದ್ರಿ?"

"ಕಾಯಿಸಿದ್ರೆ ಹೋಗಲ್ವಾ?"

"ಹೋಗಲ್ಲ. ಎಳೆಗೂಸಿಗೆ ಕೊಟ್ರೆ ಮೈ ನೀಲಿಯಾಗುತ್ತೆ."

ಅವನು ಕೂಡಲೇ ಮಗಳಿಗೆ ಫೋನು ಮಾಡಿದ. "ಮಗೂಗೆ ನಲ್ಲಿ ನೀರಲ್ಲಿ ಹಾಲಿನಪುಡಿ ಕಲಸಬೇಡ!"

"ಆಗಲೇ ಕುಡಿದು ಮಲಗಿದಾಳಪ್ಪ. ಈಗ ನೀರು ಒಂಚೂರೂ ನಾರಲ್ಲ. ಅದಿರ್ಲಿ, ತುಟಿ ಯಾಕೋ ನೀಲಿಗಟ್ಟಿದೆ. ಚಳಿಗೆ ಅಲ್ವಾ?"