ಸೀಮೆಗೊಬ್ಬರದ ಚಡ್ಡಿ

ಮೇಷ್ಟ್ರ ಮನೆಯ ಅಕ್ಕ ಬಾಯಿಯ ಬಲಗಡೆಯಿಂದ ಮಾತ್ರ ಮಾತಾಡುತ್ತಿದ್ದರು. ಎಡಗಡೆ ತುಟಿಗಳ ನಡುವೆ ಯಾವಾಗಲೂ ಎರಡು ಪಿನ್ನು ಕಚ್ಚಿಕೊಂಡಿರುತ್ತಿದ್ದರು. ಹೊಲಿಗೆ ಮಿಷನ್ನಿನ ಮುಂದೆ ಕೂತಾಗ ಸರಿ, ಸೊಪ್ಪು ಬಿಡಿಸುವಾಗಲೂ, ತಮ್ಮ ನಾಲ್ಕು ಮಕ್ಕಳಿಗೆ ತಲೆ ಬಾಚುವಾಗಲೂ ಹಾಗೇ. "ಅಕ್ಕಾ, ಒಂದಿನ ನುಂಗ್ಬಿಡ್ತೀರ ನೋಡಿ" ಎಂದರೆ, "ನುಂಗೋ ಹಾಗಿದ್ರೆ ಇಷ್ಟೊತ್ತಿಗೆ ನಿಮ್ಮತ್ತೇನ ನುಂಗಿರ್ತಿದ್ದೆ ಕಣೇ" ಎಂದು ಪಿನ್ನು ಬೀಳದ ಹಾಗೆ ನಗುತ್ತಿದ್ದರು.

ನಾನು ಜಡಿಗೇನಹಳ್ಳಿ ಕಡೆಯ ಆ ಊರಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೆಂಟು. ಮನೆಯಲ್ಲಿ ಅತ್ತೆಯ ಮಾತೇ ಮಾತು. ನನ್ನ ಗಂಡ ಬೆಳಗಾದರೆ ಹೊಲ, ಕತ್ತಲಾದರೆ ಊಟ, ನಿದ್ದೆ; ಅಮ್ಮನ ಎದುರು ತುಟಿ ಬಿಚ್ಚಿದವರಲ್ಲ. ನಮ್ಮ ಮನೆಯ ಬೀದಿ ಕಡೆಯ ಎರಡು ಕೋಣೆಗಳನ್ನು ಶಾಲೆಯ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟಿದ್ದರು. ಅಕ್ಕ ಆ ಮೇಷ್ಟ್ರ ಹೆಂಡತಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ಊರಿಗೆಲ್ಲ ಇದ್ದ ಒಂದೇ ಒಂದು ಹೊಲಿಗೆ ಮಿಷನ್ನು ಅವರದ್ದು.

ಸುಳ್ಳು ಯಾಕೆ ಹೇಳಲಿ, ಅವರಿಲ್ಲದಿದ್ದರೆ ನಾನು ಆ ಮನೆಯಲ್ಲಿ ಬದುಕುತ್ತಿರಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿಕೊಂಡವಳು ನಾನು, ಹೆಬ್ಬೆಟ್ಟಿಗಿಂತ ಒಂದು ಮೆಟ್ಟಿಲು ಮೇಲೆ ಅಷ್ಟೇ. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಅಕ್ಕ ನನ್ನನ್ನು ತಮ್ಮ ಕೋಣೆಗೆ ಕರೆದು ಹಳೇ ವಾರಪತ್ರಿಕೆಗಳನ್ನು ಓದಿಸುತ್ತಿದ್ದರು. ತಪ್ಪು ಓದಿದರೆ ಅಳತೆ ಪಟ್ಟಿಯಿಂದ ಮೊಣಕೈಗೆ ಮೆಲ್ಲಗೆ ಒಂದು ಏಟು. "ಒತ್ತಕ್ಷರ ನುಂಗ್ಬೇಡ. ಅನ್ನ ನುಂಗು, ಅಕ್ಷರ ನುಂಗ್ಬೇಡ" ಎನ್ನುವರು. ತವರಿಗೆ ನನ್ನ ಕೈಯಾರೆ ಮೊದಲ ಕಾಗದ ಬರೆದದ್ದು ಅಲ್ಲೇ, ಅವರ ಮಿಷನ್ನಿನ ಹಲಗೆಯ ಮೇಲೆ. ಈಗ ಇದನ್ನು ಬರೆಯುತ್ತಿರುವುದೂ ಅವರು ತಿದ್ದಿಸಿದ ಅಕ್ಷರದಲ್ಲೇ, ಅದೇ ಸಂಕಟ.

ಅರವತ್ತೇಳೋ ಅರವತ್ತೆಂಟೋ ಇರಬೇಕು, ನನಗೆ ಮಗಳು ಹುಟ್ಟಿದಳು. ನಮ್ಮ ಕಡೆ ಕೂಸಿಗೆ ಇಂಥದ್ದೇ ಬಟ್ಟೆ ಅಂತ ಏನೂ ಇರಲಿಲ್ಲ. ಹೊಸ ಬಟ್ಟೆ ಹಾಕಬಾರದು, ಹಿರಿಯರು ಉಟ್ಟು ಮೆತ್ತಗಾದ ಸೀರೆ, ಪಂಚೆಯ ತುಂಡು ಹಾಸಿ ಬರೀ ಮೈಯಲ್ಲಿ ಮಲಗಿಸುವುದು. ಹೊರಗೆ ಹೊರಟರೆ ಉಡಿದಾರಕ್ಕೆ ಮುಂದೊಂದು ಹಿಂದೊಂದು ಸಿಕ್ಕಿಸಿದ ಉದ್ದನೆ ಚಿಂದಿಯೇ ಲಂಗೋಟಿ. ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ದಿನಕ್ಕೆ ಮೂರು ಸಲ ನನ್ನ ಸೀರೆ ನೆನೆದು ಹಿಂಡಿದರೆ ನೀರು ಬರುತ್ತಿತ್ತು.

"ಇದೇನೇ ನಿನ್ನ ಅವತಾರ, ಕೆರೆಗೆ ಬಿದ್ದೆದ್ದೋಳ ಥರ" ಎಂದು ಅಕ್ಕ ಮೇಷ್ಟ್ರ ಎರಡು ಹಳೇ ಮಲ್ಲು ಪಂಚೆ ಹರಿದು ಚೌಕ ಚೌಕ ಮಾಡಿ, ಅಂಚು ಹೊಲಿದು, ಎರಡು ಡಜನ್ ಬಟ್ಟೆ ಮಾಡಿಕೊಟ್ಟರು. ಮೂಲೆಯಿಂದ ಮೂಲೆಗೆ ಮಡಿಸಿ, ಮೂರು ತುದಿಗಳನ್ನು ಹೊಕ್ಕುಳ ಕೆಳಗೆ ಸೇರಿಸಿ, ತಮ್ಮ ಎರಡು ಬೆರಳನ್ನು ಮಗುವಿನ ಹೊಟ್ಟೆಗೆ ಅಡ್ಡ ಕೊಟ್ಟು ಪಿನ್ನು ಚುಚ್ಚುವರು. "ಚುಚ್ಚಿದ್ರೆ ನಿನ್ನ ಬೆರಳಿಗೆ ಚುಚ್ಚಬೇಕು, ಮಗೂಗಲ್ಲ." ಅತ್ತೆಗೆ ಮೈ ಉರಿಯಿತು. "ಕೂಸಿನ ತಿಕಕ್ಕೆ ಗಾಳಿ ಬೀಳ್ಬೇಕು ಕಣೇ. ಹಿಂಗೆ ಬಿಗಿದ್ರೆ ಕಾಲು ಸೊಟ್ಟಗಾಗುತ್ತೆ. ಹೆಣ್ಣು ಕೂಸು ಬೇರೆ!" ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುವುದು, ಅವರು ಅತ್ತ ಹೋದ ಮೇಲೆ ಕಟ್ಟುವುದು. ಬಟ್ಟೆಗಳನ್ನು ಸೋಡ ಹಾಕಿ ಕುದಿಸಿ, ಹಿತ್ತಲ ಬೇಲಿಯ ಮೇಲೆ ಹರವಿ, ಹೊತ್ತು ಮುಳುಗುವ ಮುಂಚೆ ತೆಗೆದುಬಿಡುತ್ತಿದ್ದೆ. ಆಮೇಲೆ ಬಿಟ್ಟರೆ ಕೂಸಿಗೆ ಕೆಟ್ಟ ಗಾಳಿ ಸೋಕುತ್ತದೆ ಎಂದು ಅದಕ್ಕೂ ಬೈಗುಳ.

ಮಗಳಿಗೆ ಆರು ತಿಂಗಳಾದಾಗ ತವರಿನಲ್ಲಿ ನನ್ನ ತಮ್ಮನ ಮದುವೆ ಗೊತ್ತಾಯಿತು. ಇರುವವನು ಒಬ್ಬ ತಮ್ಮ. ನಾನು ಧಾರೆ ಸೀರೆ ಉಟ್ಟು ಹೋಗಬೇಕು, ಬಸ್ಸಿನಲ್ಲಿ ಅರ್ಧ ದಿನ ಮಗು ತೊಡೆಯ ಮೇಲೆ. ರೇಷ್ಮೆ ಸೀರೆಯ ಗತಿ ಏನು ಎಂದು ಅಕ್ಕನ ಹತ್ತಿರ ಕೊರಗಿದೆ. ಬೆಂಗಳೂರಿನ ಅಂಗಡಿಗಳಲ್ಲಿ ಮಕ್ಕಳ ಬಟ್ಟೆಯ ಮೇಲೆ ಹಾಕುವ ಪ್ಲಾಸ್ಟಿಕ್ ಚಡ್ಡಿ ಸಿಗುತ್ತದೆ, ಒಂದು ತೊಟ್ಟೂ ಹೊರಗೆ ಬರುವುದಿಲ್ಲ ಎಂದು ಅವರು ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ಕಣ್ಣು ನಮ್ಮ ನಡುಮನೆಯ ಮೂಲೆಗೆ ಹೋಯಿತು.

ಆ ವರ್ಷ ಆಲೂಗಡ್ಡೆಗೆ ಅಂತ ನಮ್ಮ ಮನೆಗೆ ಮೊದಲ ಸಲ ಸೀಮೆಗೊಬ್ಬರ ಬಂದಿತ್ತು; ಚೀಲಗಳು ಆ ಮೂಲೆಯಲ್ಲೇ ಇದ್ದವು. ಗೋಣಿಚೀಲದ ಒಳಗೆ ಇನ್ನೊಂದು ಚೀಲ, ಪ್ಲಾಸ್ಟಿಕ್ಕಿನದು. ಊರಿನವರಿಗೆ ಗೊಬ್ಬರಕ್ಕಿಂತ ಆ ಪ್ಲಾಸ್ಟಿಕ್ಕಿನ ಮೇಲೇ ಕಣ್ಣು. ಮಳೆಗೆ ತಲೆಯ ಮೇಲೆ ಹಾಕಿಕೊಳ್ಳಲು, ಬೆಲ್ಲ ಕಟ್ಟಿಡಲು ಕೇಳಿಕೊಂಡು ಬರುತ್ತಿದ್ದರು. ನಾನು ಖಾಲಿಯಾದ ಒಂದನ್ನು ಅತ್ತೆಗೆ ಕಾಣದ ಹಾಗೆ ಎತ್ತಿಕೊಟ್ಟೆ. ಅಕ್ಕ ತೊಟ್ಟಿಯ ನೀರಲ್ಲಿ ಎರಡು ಸಲ ಜಾಲಿಸಿ, ಕತ್ತರಿಸಿ, ಸೊಂಟಕ್ಕೂ ತೊಡೆಗಳಿಗೂ ಪಟ್ಟಿ ಮಡಿಸಿ ಹೊಲಿದು, ಸಂಜೆಯೊಳಗೆ ಚಡ್ಡಿ ಮಾಡಿಬಿಟ್ಟರು. ನಾನು ಮೂಸಿ ನೋಡಿ, "ಘಾಟು ಹೊಡೀತಿದೆಯಲ್ಲಕ್ಕಾ" ಎಂದೆ. "ಪ್ಲಾಸ್ಟಿಕ್ ಅಂದ್ರೆ ಹಂಗೇ ಕಣೇ. ಮದುವೆಗೆ ಮುಂಚೆ ಒಂದು ಸಲ ಕಟ್ಟಿ ನೋಡೋಣ" ಎಂದರು.

ಮಾರನೇ ದಿನ ಬೆಳಗ್ಗೆ ಅತ್ತೆ ಹೊಲಕ್ಕೆ ಹೋದ ಮೇಲೆ ಬಟ್ಟೆ ಕಟ್ಟಿ, ಮೇಲೆ ಚಡ್ಡಿ ಹಾಕಿದೆವು. ಕಟ್ಟಿದ್ದು ನಾನೇ, ಇಲ್ಲ ಅನ್ನುವುದಿಲ್ಲ. ಮಗು ಮೊಲೆ ಕುಡಿದು ತೊಡೆಯ ಮೇಲೆ ನಿದ್ದೆ ಹೋಯಿತು. ಮಧ್ಯಾಹ್ನದವರೆಗೂ ನನ್ನ ಸೀರೆಗೆ ಒಂದು ಹನಿ ಸೋಕಲಿಲ್ಲ. ನಾವಿಬ್ಬರೂ ಪರೀಕ್ಷೆ ಪಾಸಾದವರ ಹಾಗೆ ಕುಣಿದಾಡಿದೆವು. ಆಮೇಲೆ ಮಗು ಕಿಟಾರನೆ ಕಿರುಚಿತು. ಬಿಚ್ಚಿ ನೋಡಿದರೆ, ಅಯ್ಯೋ ನನ್ನ ಕಂದ, ತೊಡೆಯ ಸಂದು, ಕುಂಡೆ ಎಲ್ಲ ಬೆಂದು ಕೆಂಪಗಾಗಿತ್ತು. ಬಲತೊಡೆಯಲ್ಲಿ ಸುಲಿದ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು. ಮಡಿಸಿ ಹೊಲಿದ ಪಟ್ಟಿಯೊಳಗೆ ಗೊಬ್ಬರದ ಪುಡಿ ಹಾಗೇ ಸಿಕ್ಕಿಕೊಂಡಿತ್ತು. ಅದು ಉಚ್ಚೆಯಲ್ಲಿ ಕರಗಿ, ಸೆಖೆಗೆ ಕೂಸಿನ ಮೈಯನ್ನು ತಿಂದಿತ್ತು.

ಅಷ್ಟರಲ್ಲಿ ಅತ್ತೆ ಹೊಲದಿಂದ ಬಂದರು. ಚಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನೇ ಇದು? ಯಾವ ಮಾರಿ ಹೇಳ್ಕೊಟ್ಲು ನಿಂಗೆ?" ಎಂದು ಕೂಗಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಿದೆ. ಅವರು ಹೇಳುತ್ತಾರೆ, ಹೇಳಿ ನನ್ನ ಜೊತೆ ಬೈಸಿಕೊಳ್ಳುತ್ತಾರೆ ಎಂದು ನಂಬಿದ್ದೆ.

"ನಾನು ಬೇಡ ಬೇಡ ಅಂತ ಬಡ್ಕೊಂಡೆ ದೊಡ್ಡಮ್ಮ," ಎಂದರು ಅಕ್ಕ. "ಕೇಳಿದ್ರೆ ತಾನೆ? ರೇಷ್ಮೆ ಸೀರೆ ಕೆಡುತ್ತೆ ಅಂತ ಇವಳಿಗೆ. ಅವಳೇ ಏನೋ ಮಾಡ್ಕೊಂಡು ಕಟ್ಟಿದ್ದಾಳೆ."

ಅತ್ತೆಯ ಹೆಬ್ಬೆರಳು ಆ ಮಿಷನ್ ಹೊಲಿಗೆಯ ಮೇಲೆ ಒಂದು ಸಲ ಆಡಿತು. ಅದು ಯಾರ ಕೈ ಹೊಲಿಗೆ ಎಂದು ಊರಲ್ಲಿ ಕುರುಡಿಯೂ ಹೇಳುತ್ತಿದ್ದಳು. ಆದರೂ ಅತ್ತೆ ಅಕ್ಕನ ಕಡೆ ತಿರುಗಿ, "ನೀವು ಹೇಳಿದ್ ಮಾತಾದ್ರೂ ಕೇಳ್ಬಾರ್ದಾ ಮೇಷ್ಟ್ರಮ್ಮ ಇದು" ಎಂದು ನನ್ನ ಕೆನ್ನೆಗೆ ಬಿಟ್ಟರು.

ಗಾಡಿ ಕಟ್ಟಿಸಿಕೊಂಡು ಹೊಸಕೋಟೆಯ ಡಾಕ್ಟರ ಹತ್ತಿರ ಓಡಿದೆವು. ಮಗು ಜ್ವರದಲ್ಲಿ ಬೇಯುತ್ತಿತ್ತು. ಬದುಕಿದ್ದೇ ಪುಣ್ಯ. ತಮ್ಮನ ಮದುವೆ ನಾನಿಲ್ಲದೇ ನಡೆಯಿತು. ಗಾಯ ಮಾಯಲು ತಿಂಗಳು ಹಿಡಿಯಿತು, ಬಲತೊಡೆಯಲ್ಲಿ ಕಲೆ ಉಳಿಯಿತು. ಅತ್ತೆ ಮಗುವನ್ನು ತಮ್ಮ ಮಗ್ಗುಲಿಗೆ ಹಾಕಿಕೊಂಡರು. "ಹಾಲು ಕುಡ್ಸು, ಇಲ್ಲಿ ಕೊಡು" ಅಷ್ಟೇ ನನ್ನ ಪಾಲು. ಬಾವಿಯ ಹತ್ತಿರ ಹೋದರೆ, "ಕೂಸು ಬೇಗ ಬೆಳೀಲಿ ಅಂತ ಗೊಬ್ಬರ ಹಾಕಿದ್ಯಂತಲ್ಲವ್ವಾ" ಎಂದು ನಗುವರು. ಗೊಬ್ಬರದ ಸೊಸೆ ಅಂತಲೇ ಹೆಸರಾಯಿತು.

ಅಕ್ಕ ಮಾತ್ರ ಏನೂ ಆಗಿಲ್ಲವೆಂಬಂತೆ ಮಾರನೇ ದಿನವೇ ಬಟ್ಟಲಲ್ಲಿ ಹುಳಿ ತಂದರು. ಹನ್ನೊಂದು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಹನ್ನೆರಡನೇ ದಿನ ಒಗೆಯುವ ಕಲ್ಲಿನ ಹತ್ತಿರ ಕೇಳಿಯೇಬಿಟ್ಟೆ.

"ಯಾಕಕ್ಕಾ ಹಂಗಂದ್ರಿ?"

ಅವರು ಆಚೀಚೆ ನೋಡಿದರು. "ನಾನೇ ಹೊಲಿದಿದ್ದು ಅಂದಿದ್ರೆ ನಿಮ್ಮತ್ತೆ ಅವತ್ತೇ ಮನೆ ಖಾಲಿ ಮಾಡಿಸ್ತಿದ್ರು. ನಾಲ್ಕು ಮಕ್ಕಳು ಕಟ್ಕೊಂಡು ಎಲ್ಲಿಗೆ ಹೋಗ್ಲಿ ಹೇಳು? ನಿನ್ನನ್ನಾದ್ರೆ ಬೈತಾರೆ, ಹೊಡೀತಾರೆ, ಸಾಯಂಕಾಲ ಮುದ್ದೆ ಇಕ್ತಾರೆ. ನೀನು ಸೊಸೆ ಕಣೇ." ನನ್ನ ಕಣ್ಣಲ್ಲಿ ನೀರು ನೋಡಿ ತಲೆಯ ಮೇಲೆ ಒದ್ದೆ ಕೈ ಇಟ್ಟರು. "ನಿನ್ನ ಮಗಳು ದೊಡ್ಡೋಳಾಗ್ಲಿ. ನಾನೇ ಅವಳನ್ನ ಕೂರಿಸ್ಕೊಂಡು ಹೇಳ್ತೀನಿ, ನಿಮ್ಮಮ್ಮಂದೇನೂ ತಪ್ಪಿಲ್ಲ, ಎಲ್ಲಾ ನಂದೇ ಅಂತ. ಆಣೆ."

ಆ ಆಣೆಯನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ. ಮತ್ತೆ ಅವರ ಕೋಣೆಗೆ ಹೋಗಿ ಓದಲು ಕೂತೆ. ಇನ್ನೆಲ್ಲಿಗೆ ಹೋಗಲಿ? ಎರಡು ವರ್ಷದಲ್ಲಿ ಮೇಷ್ಟ್ರಿಗೆ ದೇವನಹಳ್ಳಿಗೆ ವರ್ಗವಾಯಿತು. ಅಕ್ಕ ಗಾಡಿ ಹತ್ತುವಾಗ ನಾನು ತಾಯಿಯನ್ನು ಕಳಿಸಿಕೊಟ್ಟವಳ ಹಾಗೆ ಅತ್ತುಬಿಟ್ಟೆ.

ಮಗಳು ಬೆಳೆದಳು, ಅಜ್ಜಿಯ ಮಡಿಲಲ್ಲೇ. ಸ್ನಾನ ಮಾಡಿಸುವಾಗಲೆಲ್ಲ ಅಜ್ಜಿ ಆ ಕಲೆ ತೋರಿಸಿ, "ಇದು ನಿಮ್ಮವ್ವ ಕೊಟ್ಟ ಬಳುವಳಿ" ಎನ್ನುವರು. ಒಮ್ಮೆ ಮಗಳು ನನ್ನನ್ನೇ ಕೇಳಿದಳು, "ನಿಂಗೆ ಸೀರೆನೇ ಹೆಚ್ಚಾಗಿತ್ತೇನಮ್ಮ?" ನಾನು ಸತ್ಯ ಹೇಳಿದೆ. ಅವಳು ನಂಬಿದಳೋ ಇಲ್ಲವೋ, ಎದ್ದು ಹೋದಳು. ಅತ್ತೆ ತೀರಿಕೊಂಡ ಮೇಲೂ ಆ ಪ್ರಶ್ನೆ ಅವಳ ಮುಖದಿಂದ ಹೋಗಲಿಲ್ಲ. ಕೊನೆಗೆ, ಅವಳಿಗೆ ಹನ್ನೊಂದು ತುಂಬಿದ ವರ್ಷ, "ನಡಿ, ಹೊಲಿದೋರ ಬಾಯಿಂದಲೇ ಕೇಳ್ಸ್ತೀನಿ" ಎಂದು ಸೂಲಿಬೆಲೆ ಮೇಲೆ ಹೋಗುವ ಬಸ್ಸು ಹತ್ತಿಸಿಕೊಂಡು ದೇವನಹಳ್ಳಿಗೆ ಕರೆದುಕೊಂಡು ಹೋದೆ.

ಅಕ್ಕನ ತಲೆ ಬೆಳ್ಳಗಾಗಿತ್ತು. ಹಲ್ಲು ಬಿದ್ದಿದ್ದವು. ನನ್ನನ್ನು ಕಂಡು ಎದ್ದು ಬಂದು ತಬ್ಬಿಕೊಂಡು ಅತ್ತೇಬಿಟ್ಟರು. ಮಗಳ ಗಲ್ಲ ಹಿಡಿದು, "ಆ ಕೂಸೇನೇ ಇದು?" ಎಂದರು. ಕಾಫಿ ತಂದ ಅವರ ಸೊಸೆಗೆ ನನ್ನನ್ನು ತೋರಿಸಿದರು. ನಾನು ಮಗಳ ಕೈ ಒತ್ತಿದೆ, ಈಗ ಕೇಳು ಎಂದು.

"ಇವಳೇ ಕಣೇ, ನಾನು ಹೇಳ್ತಿರ್ತೀನಲ್ಲ! ಕೂಸಿಗೆ ಗೊಬ್ಬರದ ಚೀಲ ಕಟ್ಟಿದ್ಲು, ಪಾಪ, ಇನ್ನೂ ಹುಡುಗಿ, ಏನೂ ತಿಳೀದು. ನಾನು ನೋಡಿ ಓಡಿಬಂದು ಬಿಚ್ಚಿಹಾಕ್ದೆ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಈ ಮಗು ನಮ್ಮ ಕೈಗೆ ದಕ್ಕುತ್ತಿರಲಿಲ್ಲ."

"ಅಕ್ಕಾ," ಎಂದೆ, "ಹೊಲಿದಿದ್ದು ನೀವಲ್ವಾ?"

ಅವರು ನನ್ನನ್ನು ನೋಡಿದರು. ಕಳ್ಳತನದ ನೋಟವಾಗಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ಕಪಟವೇ ಇರಲಿಲ್ಲ ಆ ಕಣ್ಣಲ್ಲಿ. ಇಷ್ಟು ವರ್ಷ ಹೇಳಿ ಹೇಳಿ ತಾವೇ ನಂಬಿಬಿಟ್ಟಿದ್ದರು. "ನಾನಾ? ನಾನ್ಯಾಕೆ ಹೊಲೀಲೇ ಅದನ್ನ?" ಎಂದು ಮಗುವಿನ ಹಾಗೆ ಕೇಳಿದರು. ಸೊಸೆ ನಕ್ಕು, "ಹೋಗ್ಲಿ ಬಿಡಿ, ಹಳೇ ಮಾತು, ಕಾಫಿ ಆರುತ್ತೆ" ಎಂದಳು.

ಮುಂದಿನ ಯುಗಾದಿಯ ಹೊತ್ತಿಗೆ ಅಕ್ಕ ಹೋದರೆಂದು ಕಾರ್ಡು ಬಂತು. ಅದನ್ನು ಒತ್ತಕ್ಷರ ನುಂಗದೆ ಎರಡು ಸಲ ಓದಿದೆ. ಅಳು ಬಂತು, ಸಿಟ್ಟೂ ಬಂತು. ಯಾವುದು ಯಾರಿಗೆ ಎಂದು ಇವತ್ತಿಗೂ ಬೇರ್ಪಡಿಸಲು ಆಗಿಲ್ಲ. ಅಕ್ಷರ ಕೊಟ್ಟವರು ಅವರೇ, ನನ್ನ ಮಗಳ ಎದುರು ನನ್ನ ಬಾಯಿ ಮುಚ್ಚಿಸಿದವರೂ ಅವರೇ.

ಆ ದಿನ ದೇವನಹಳ್ಳಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಿದ್ದಳು. ನಾನು ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ. ಸೂಲಿಬೆಲೆ ಹತ್ತಿರ ಬಂದಾಗ ನನ್ನ ಕಡೆಗೆ ಸರಿದು, ಭುಜಕ್ಕೆ ತಲೆ ಆನಿಸಿದಳು.

"ಅಳ್ಬೇಡಮ್ಮ," ಎಂದಳು. "ನಿಂಗೂ ಆಗ ಗೊತ್ತಾಗ್ಲಿಲ್ಲ ಅಲ್ವಾ? ನಾನು ನಿನ್ನನ್ನ ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ."